ಹಿಟ್ಲರನ ನಂತರ ಒಬ್ಬ ಒಳ್ಳೆಯವನು?

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಗೆದ್ದಿದ್ದರೆ ಎಂದು ಊಹಿಸುವವರಲ್ಲಿ ಒಂದು ನಂಬಿಕೆ ಬೇರೂರಿದೆ. ಹಿಟ್ಲರ್ ಸತ್ತ ಮೇಲೆ ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್‌ನಂಥ ವ್ಯವಹಾರಸ್ಥ ಗದ್ದುಗೆಗೆ ಬರುತ್ತಿದ್ದ, ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಕಾಲದ ಬಿಗಿಯನ್ನು ಕ್ರುಶ್ಚೇವ್ ಸಡಿಲಿಸಿದ ಹಾಗೆ ನಾಜಿ ಆಡಳಿತವನ್ನು ಅವನೂ ಸಡಿಲಿಸುತ್ತಿದ್ದ ಎಂಬುದು ಆ ನಂಬಿಕೆ. ಇದಕ್ಕೆ ಬುಡವೇ ಇಲ್ಲ.

ಕ್ರುಶ್ಚೇವ್‌ಗೆ ಪಕ್ಷದ ಕೇಂದ್ರ ಸಮಿತಿ ಇತ್ತು. 1957ರಲ್ಲಿ ಅವನನ್ನು ಇಳಿಸಲು ಹೊರಟವರನ್ನು ಸೋಲಿಸಿದ್ದು ಅದೇ ಸಮಿತಿ. ಬರ್ಲಿನ್‌ನಲ್ಲಿ ಅಂಥದ್ದೇನೂ ಉಳಿದಿರಲಿಲ್ಲ. 1938ರ ಫೆಬ್ರವರಿಯ ನಂತರ ಸಚಿವ ಸಂಪುಟ ಸಭೆ ಸೇರಲಿಲ್ಲ. ಮುಂದಿನ ನಾಯಕನನ್ನು ಆರಿಸಲು ಸೆನೆಟ್ ರಚಿಸುವ ಮಾತನ್ನು 1939ರಲ್ಲಿ ಹಿಟ್ಲರನೇ ಆಡಿದ್ದ. ಆ ಸೆನೆಟ್ ಹುಟ್ಟಲೇ ಇಲ್ಲ. ತನ್ನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಬಲ್ಲ ಸಂಸ್ಥೆ ತನ್ನನ್ನೇ ಇಳಿಸಲೂಬಲ್ಲದು. ಅದನ್ನು ಅವನು ಹೇಗೆ ಬೆಳೆಯಗೊಟ್ಟಾನು?

ಉತ್ತರಾಧಿಕಾರಕ್ಕೆ ಎಷ್ಟು ಬೆಲೆಯಿತ್ತು ಎಂಬುದನ್ನು 1945ರ ಏಪ್ರಿಲ್ 23ರ ಒಂದು ತಂತಿಯಲ್ಲಿ ನೋಡಬಹುದು. ಹಿಟ್ಲರನ 1941ರ ಜೂನ್ 29ರ ಆದೇಶದ ಪ್ರಕಾರ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಅಧಿಕೃತ ಉತ್ತರಾಧಿಕಾರಿ. ಬರ್ಲಿನ್ ಮುತ್ತಿಗೆಗೆ ಸಿಕ್ಕಿದ್ದಾಗ ಅವನು ದಕ್ಷಿಣದ ಓಬರ್‌ಸಾಲ್ಸ್‌ಬರ್ಗ್‌ನಿಂದ ವಿನಯವಾಗಿಯೇ ಕೇಳಿದ: ಆ ಆದೇಶದಂತೆ ಅಧಿಕಾರ ವಹಿಸಿಕೊಳ್ಳಲೇ? ರಾತ್ರಿ ಹತ್ತರೊಳಗೆ ಉತ್ತರ ಬಾರದಿದ್ದರೆ ತಾವು ಸ್ವತಂತ್ರರಾಗಿ ಉಳಿದಿಲ್ಲ ಎಂದು ಭಾವಿಸುತ್ತೇನೆ. ಹಿಟ್ಲರನ ಪಕ್ಕದಲ್ಲಿದ್ದ ಕಾರ್ಯದರ್ಶಿ ಬೋರ್ಮನ್ ಇದನ್ನು ದ್ರೋಹವೆಂದು ಓದಿಸಿದ. ಗೋರಿಂಗ್ ಎಸ್‌ಎಸ್ ಬಂಧನಕ್ಕೆ ಬಿದ್ದ. ಆರು ದಿನಗಳ ನಂತರ ಹಿಟ್ಲರ್ ಬರೆಸಿದ ಮರಣಶಾಸನದಲ್ಲಿ ಗೋರಿಂಗ್, ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ಇಬ್ಬರೂ ಪಕ್ಷದಿಂದಲೇ ಉಚ್ಚಾಟಿತರು. ಅಧ್ಯಕ್ಷ ಪಟ್ಟ ನೌಕಾಪಡೆಯ ಡೋನಿಟ್ಜ್‌ಗೆ. ಸೋಲಿನ ಗೊಂದಲ ಇದಕ್ಕೆ ಕಾರಣ ಎನ್ನಬಹುದು. ಆದರೆ ಬಾಗಿಲಲ್ಲಿ ನಿಂತವನು ಒಳಗೆ ಯಾವ ಕಾಗದ ಹೋಗಬೇಕೆಂದು ತೀರ್ಮಾನಿಸುವ ಪದ್ಧತಿ ಗೆಲುವಿನ ದಿನಗಳಲ್ಲೇ ಬೆಳೆದದ್ದು.

ಇನ್ನು ಸ್ಪೀರ್. ಅವನ ಸೌಮ್ಯ ಮುಖವನ್ನು ಬಹುಮಟ್ಟಿಗೆ ಅವನೇ ನ್ಯೂರೆಂಬರ್ಗ್ ಕಟಕಟೆಯಲ್ಲೂ 1969ರ ಆತ್ಮಕಥೆಯಲ್ಲೂ ಕಡೆದು ನಿಲ್ಲಿಸಿದ್ದು. 1943ರ ಡಿಸೆಂಬರ್‌ನಲ್ಲಿ ಅವನು ಡೋರಾ ಎಂಬ ಕೈದಿ ಶಿಬಿರದ ಸುರಂಗಗಳಿಗೆ ಹೋಗಿದ್ದ. ಅಲ್ಲಿ ರಾಕೆಟ್ ಕಾರ್ಖಾನೆ ಕಟ್ಟುತ್ತಿದ್ದ ಕೈದಿಗಳು ಅದೇ ಕಲ್ಲುಧೂಳಿನಲ್ಲಿ ಮಲಗಿ, ಅಲ್ಲೇ ಸಾಯುತ್ತಿದ್ದರು. 1944ರ ಹೊತ್ತಿಗೆ ಜರ್ಮನಿಯಲ್ಲಿ ದುಡಿಯುತ್ತಿದ್ದ ವಿದೇಶಿಯರು 70 ಲಕ್ಷಕ್ಕೂ ಹೆಚ್ಚು. ಬಹುಪಾಲು ಜನ ಬಲವಂತಕ್ಕೆ ಸಿಕ್ಕವರು. ಸ್ಪೀರನ ಶಸ್ತ್ರಾಸ್ತ್ರ ಉತ್ಪಾದನೆ ನಿಂತದ್ದು ಇವರ ಬೆನ್ನ ಮೇಲೆ. ಗೆದ್ದಿದ್ದರೆ ಬರ್ಲಿನ್ ಅನ್ನು ಹೊಸದಾಗಿ ಕಟ್ಟುವ ಯೋಜನೆಗೂ, ಪೂರ್ವ ಯುರೋಪಿನ ಕೋಟ್ಯಂತರ ಜನರನ್ನು ಒಕ್ಕಲೆಬ್ಬಿಸಿ ಜರ್ಮನರನ್ನು ನೆಲೆಗೊಳಿಸುವ ಯೋಜನೆಗೂ ಇನ್ನೂ ಹೆಚ್ಚು ಕೈಗಳು ಬೇಕಾಗುತ್ತಿದ್ದವು. ಆ ಕೈಗಳನ್ನು ಸ್ಪೀರ್ ಏಕೆ ಬಿಡುಗಡೆ ಮಾಡುತ್ತಿದ್ದ ಎಂಬುದನ್ನು ಅವನಿಗೆ ಪಟ್ಟ ಕಟ್ಟುವವರು ಮೊದಲು ಹೇಳಲಿ.