ಜೋಸೆಫ್ ರೌನ್‌ಟ್ರೀ ಅವರ ದಾನಪತ್ರ: ಒಂದು ವಿಮರ್ಶೆ

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕೋಕೋ ಮತ್ತು ಚಾಕೊಲೇಟ್ ತಯಾರಿಸಿ ಶ್ರೀಮಂತರಾದ ಜೋಸೆಫ್ ರೌನ್‌ಟ್ರೀ (1836–1925) ಕ್ವೇಕರ್ ಪಂಥದವರು. ಯುದ್ಧವನ್ನು ಒಪ್ಪದ, ಆಣೆಯಿಡದ, ಮೌನದಲ್ಲಿ ಕುಳಿತು ಪ್ರಾರ್ಥಿಸುವ ಈ ಸಣ್ಣ ಸಮುದಾಯಕ್ಕೆ ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳ ಬಾಗಿಲು ಬಹುಕಾಲ ಮುಚ್ಚಿತ್ತು. ವ್ಯಾಪಾರವೇ ಅದರ ದಾರಿಯಾಯಿತು. ಅಹಿಂಸೆಯನ್ನೂ ಅಂಗಡಿಯನ್ನೂ ಒಟ್ಟಿಗೆ ನಡೆಸಿಕೊಂಡು ಬಂದ ನಮ್ಮವರಿಗೆ ಇದು ಅಪರಿಚಿತ ಕಥೆಯಲ್ಲ.

1904ರಲ್ಲಿ ಅವರು ತಮ್ಮ ಸಂಪತ್ತಿನ ಸುಮಾರು ಅರ್ಧವನ್ನು ಮೂರು ಟ್ರಸ್ಟುಗಳಿಗೆ ವಹಿಸಿ, ಧರ್ಮದರ್ಶಿಗಳಿಗಾಗಿ ಒಂದು ಪತ್ರವನ್ನು ಬರೆದಿಟ್ಟರು. ಭಾರತದ ಕ್ಷಾಮಪೀಡಿತರಿಗೆ ಹಣ ಕೂಡಿಸುವುದು ಸುಲಭ, ಆ ಕ್ಷಾಮಕ್ಕೆ ಕಾರಣವೇನೆಂದು ಶೋಧಿಸಲು ನೆರವು ಪಡೆಯುವುದು ಕಷ್ಟ ಎಂಬುದು ಅದರಲ್ಲಿನ ಒಂದು ಮಾತಿನ ತಾತ್ಪರ್ಯ. ಯಾರ್ಕಿನ ಗಂಜಿಕೇಂದ್ರಕ್ಕೆ ದಾನಿಗಳ ಕೊರತೆಯಿಲ್ಲವೆಂದೂ ಅವರು ನಿಷ್ಠುರವಾಗಿ ಹೇಳುತ್ತಾರೆ.

ಆ ಶೋಧನೆಯನ್ನು ಅವರ ಮಗ ಸೀಬೋಮ್ ಅದಾಗಲೇ ನಡೆಸಿದ್ದರು. 1901ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ ಯಾರ್ಕಿನಲ್ಲಿ ನೂರಕ್ಕೆ ಸುಮಾರು 28 ಮಂದಿ ಬಡತನದಲ್ಲಿದ್ದರು. ಕೂಲಿಯವನು ಬಾಲ್ಯದಲ್ಲೊಮ್ಮೆ, ಮಕ್ಕಳು ಚಿಕ್ಕವರಿದ್ದಾಗ ಮತ್ತೊಮ್ಮೆ, ಮುಪ್ಪಿನಲ್ಲಿ ಮಗುದೊಮ್ಮೆ ಬಡತನಕ್ಕೆ ಇಳಿಯುತ್ತಾನೆ. ದುಡಿಯುವ ಕಾಲದ ಕೂಲಿಯಲ್ಲಿ ಉಳಿತಾಯವೇ ಸಾಧ್ಯವಿಲ್ಲದಿರುವಾಗ ವೃದ್ಧಾಪ್ಯದ ದಾರಿದ್ರ್ಯವನ್ನು ಅವನ ಸೋಮಾರಿತನವೆನ್ನುವುದು ಹೇಗೆ? ಅದನ್ನು ಅವನ ಪೂರ್ವಕರ್ಮಕ್ಕೆ ಬಿಟ್ಟು ನಿಶ್ಚಿಂತರಾಗುವ ಶ್ರಾವಕರು ನಮ್ಮಲ್ಲಿಯೂ ಉಂಟು. ಅವರು ಈ ಗ್ರಂಥವನ್ನು ಓದುವುದು ಲೇಸು.

ಇದರ ಫಲ ಕಂಬಳಿ ಹಂಚಿಕೆಯಲ್ಲಿ ಮುಗಿಯಲಿಲ್ಲ. 1906ರಲ್ಲಿ ರೌನ್‌ಟ್ರೀ ಕಾರ್ಖಾನೆಯಲ್ಲಿ ಪಿಂಚಣಿ ನಿಧಿ ಆರಂಭವಾಯಿತು. ವೃದ್ಧರಿಗೆ ಸರಕಾರವೇ ಪಿಂಚಣಿ ಕೊಡಬೇಕೆಂಬ ಚಳವಳಿಗೆ ಮತ್ತೊಬ್ಬ ಕ್ವೇಕರ್ ವರ್ತಕರಾದ ಜಾರ್ಜ್ ಕ್ಯಾಡ್‌ಬರಿ ಧನಸಹಾಯ ಮಾಡಿದರು. 1908ರಲ್ಲಿ ಕಾಯಿದೆಯಾಗಿ, 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರು ವಾರಕ್ಕೆ ಗರಿಷ್ಠ 5 ಷಿಲಿಂಗುಗಳನ್ನು ಅಂಚೆ ಕಚೇರಿಯಲ್ಲಿ ಪಡೆಯತೊಡಗಿದರು. ಯಾರ ಮುಂದೆಯೂ ಕೈಯೊಡ್ಡದೆ ಪಡೆದ ಹಣವದು. ದಯಾದತ್ತಿಗೆ ಇದಕ್ಕಿಂತ ಗೌರವದ ರೂಪವನ್ನು ಕಲ್ಪಿಸುವುದು ಕಷ್ಟ.

ಇನ್ನೊಂದು ಅಂಶವನ್ನು ನಮ್ಮ ಟ್ರಸ್ಟುಗಳು ಗಮನಿಸಬೇಕು. ಮೂರರಲ್ಲಿ ಎರಡು ಟ್ರಸ್ಟುಗಳು 35 ವರ್ಷಗಳಲ್ಲಿ ಹಣವನ್ನು ವ್ಯಯಿಸಿ ಮುಗಿಯಬಹುದೆಂದೇ ಅವರ ಆಶಯವಿತ್ತು. ಬಡ್ಡಿಯನ್ನಷ್ಟೇ ಹಂಚಿ ಮೂಲಧನವನ್ನು ಬೆಳೆಸುತ್ತಲೇ ಇರುವುದು ಪರಿಗ್ರಹವಲ್ಲವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಆದರೆ ಪತ್ರದಲ್ಲಿ ದೊಡ್ಡದೊಂದು ಲೋಪವಿದೆ. ಬಡತನದ ಮೂಲವನ್ನು ಹುಡುಕಿರೆಂದವರು ತಮ್ಮ ಧನದ ಮೂಲವನ್ನು ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಲಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನೆಣಿಸುವಾಗ ನ್ಯಾಯೋಪಾತ್ತ ಧನವನ್ನೇ ಮೊದಲು ಹೇಳುತ್ತಾರೆ. ದಾನದ ಮಾತು ಅನಂತರದ್ದು. ಕ್ವೇಕರ್ ಕಾರ್ಖಾನೆಗಳು ಕೊಳ್ಳುತ್ತಿದ್ದ ಕೋಕೋದಲ್ಲಿ ಒಂದು ಭಾಗ ಪೋರ್ಚುಗೀಸರ ವಶದಲ್ಲಿದ್ದ ಸಾವೊ ಟೊಮೆ ದ್ವೀಪದ್ದು. ಅಲ್ಲಿ ದುಡಿದವರು ಅಂಗೋಲದಿಂದ ತರಲ್ಪಟ್ಟು, ಹೆಸರಿಗಷ್ಟೇ ಸ್ವತಂತ್ರರಾಗಿದ್ದ ಕೂಲಿಗಳು. ಕ್ಯಾಡ್‌ಬರಿಯವರಿಗೆ ಈ ಸುದ್ದಿ 1901ರಲ್ಲೇ ತಲುಪಿತ್ತು. ಖರೀದಿ ನಿಂತದ್ದು 1909ರಲ್ಲಿ, ಅಂದರೆ ಇಂಗ್ಲೆಂಡಿನ ವೃದ್ಧರಿಗೆ ಪಿಂಚಣಿ ದೊರೆತ ವರ್ಷವೇ. ಜೋಸೆಫ್ ರೌನ್‌ಟ್ರೀ ಚಾರಿಟಬಲ್ ಟ್ರಸ್ಟು ದಾಸ್ಯದ ಹಾಗೂ ಬಲವಂತದ ದುಡಿಮೆಯೊಡನೆ ತನ್ನ ಮೂಲಧನಕ್ಕಿದ್ದ ನಂಟನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿದ್ದು 2021ರಲ್ಲಿ.