ಕಲ್ಲೂ ಕಥೆಯೂ: ರೋಮಿನಲ್ಲಿ ಒಂದು ದಿನ

ಹೊರದೇಶಗಳಿಗೆ ಹೋಗಿಬಂದವರು ಬರೆಯುವ ಪುಸ್ತಕಗಳು ಕನ್ನಡದಲ್ಲಿ ಅಪರೂಪವೇನಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಮೊದಲಾದುವುಗಳಿಂದ ಬೆಳೆದುಬಂದ ಈ ಪ್ರಕಾರಕ್ಕೆ ಇಂದು ಬರೆಯುವವರ ಕೊರತೆಯೂ ಇಲ್ಲ, ಓದುವವರ ಕೊರತೆಯೂ ಇಲ್ಲ. ಆದರೆ ಈಚಿನ ಇಂಥ ಬರಹಗಳನ್ನು ಒಂದರ ಮೇಲೊಂದು ಓದುತ್ತ ಹೋದಾಗ ನನಗೊಂದು ಅನುಮಾನ ಹುಟ್ಟುತ್ತದೆ. ಬರೆದವರು ಕಣ್ಣಾರೆ ಕಂಡದ್ದೆಷ್ಟು, ಮಾರ್ಗದರ್ಶಿಯ ಬಾಯಿಂದ ಕೇಳಿದ್ದೆಷ್ಟು? ಊರು ಯಾವುದಾದರೂ ಇರಲಿ, ಅರಮನೆಗೊಬ್ಬ ದುಃಖಿ ರಾಣಿ, ಸೇತುವೆಗೊಂದು ಜೋಡಿ ಪ್ರೇಮಿಗಳು, ಪ್ರತಿಮೆಗಿಬ್ಬರು ಮತ್ಸರದ ಶಿಲ್ಪಿಗಳು ತಪ್ಪದೆ ಬರುತ್ತಾರೆ. ಕಥೆ ಹಗುರವಾದದ್ದು, ಚೀಲದಲ್ಲಿ ಹಾಕಿಕೊಂಡು ಮನೆಗೆ ತರಬಹುದು. ಕಲ್ಲು ಇದ್ದಲ್ಲೇ ಇರುತ್ತದೆ. ಅದರ ಮುಂದೆ ನಾವೇ ಹೋಗಿ ನಿಲ್ಲಬೇಕು.

ಈ ಅನುಮಾನವನ್ನು ಒರೆಗೆ ಹಚ್ಚಲು ರೋಮಿನಷ್ಟು ತಕ್ಕ ಊರು ಬೇರೆ ಸಿಗಲಾರದು. ಅಲ್ಲಿ ಕಲ್ಲಿಗೂ ಬರವಿಲ್ಲ, ಕಥೆಗೂ ಬರವಿಲ್ಲ. ಬೆಳಿಗ್ಗೆ ಕೊಲೊಸಿಯಮ್, ಮಧ್ಯಾಹ್ನ ವ್ಯಾಟಿಕನ್, ಸಂಜೆ ಟ್ರೆವಿ ಕಾರಂಜಿ ಎಂದು ಓಡಾಡುವುದು ಒಂದು ದಿನದ ಪ್ರವಾಸಿಗಳ ವಾಡಿಕೆ. ನಾನು ಆ ಮೂರನ್ನೂ ಬಿಟ್ಟು, ಹಳೆಯ ಪೇಟೆಯ ನಡುವೆ ಅರ್ಧ ಕಿಲೋಮೀಟರಿನೊಳಗೆ ಇರುವ ನಾಲ್ಕು ಜಾಗಗಳನ್ನು ಆರಿಸಿಕೊಂಡೆ. ಒಂಟಿಯಾಗಿ ಹೋದವನಿಗೆ ಇಂಥ ಆಯ್ಕೆಯ ಸ್ವಾತಂತ್ರ್ಯವುಂಟು. ಗುಂಪಿನ ಗಡಿಯಾರ ಅವನನ್ನು ಎಬ್ಬಿಸುವುದಿಲ್ಲ, ಒಂದೇ ಚಿತ್ರದ ಮುಂದೆ ಮುಕ್ಕಾಲು ಗಂಟೆ ನಿಂತರೆ ಯಾರೂ ಗೊಣಗುವುದಿಲ್ಲ. ಕಷ್ಟವೂ ಉಂಟೆನ್ನಿ. ತಾನು ಕಂಡದ್ದು ಸರಿಯೇ ಎಂದು ಪಕ್ಕದವರನ್ನು ಕೇಳುವಂತಿಲ್ಲ, ಸಾಕ್ಷಿಯನ್ನು ಕಟ್ಟಡದಲ್ಲಿಯೇ ಹುಡುಕಬೇಕು.

ಮೊದಲನೆಯದು ಪ್ಯಾಂಥಿಯನ್. ಒಳಗೆ ಹೋಗಲು 2023ರಿಂದ ಹಣ ಕೊಡಬೇಕಾಗಿದೆ. ಹೊರಗೆ, ಕಂಬಸಾಲಿನ ಮೇಲೆ, ದೊಡ್ಡ ಅಕ್ಷರಗಳಲ್ಲಿ ಇದನ್ನು ಅಗ್ರಿಪ್ಪ ಕಟ್ಟಿಸಿದನೆಂದು ಬರೆದಿದೆ. ಅಗ್ರಿಪ್ಪ ಅಗಸ್ಟಸ್ ಚಕ್ರವರ್ತಿಯ ಅಳಿಯ, ಕ್ರಿಸ್ತಪೂರ್ವ ಒಂದನೆಯ ಶತಮಾನದವನು. ಶಾಸನವನ್ನು ನಂಬಿ ಪಂಡಿತರು ಬಹುಕಾಲ ಹಾಗೆಯೇ ತಿಳಿದಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಗೋಡೆಯ ಇಟ್ಟಿಗೆಗಳ ಮೇಲಿನ ಮುದ್ರೆಗಳನ್ನು ಪರಿಶೀಲಿಸಿದಾಗ ನಿಜ ಹೊರಬಿತ್ತು. ಈಗ ನಿಂತಿರುವ ಕಟ್ಟಡ ಕ್ರಿ. ಶ. 2ನೆಯ ಶತಮಾನದ್ದು, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದದ್ದು. ಹಿಂದಿನ ದೇವಾಲಯ ಬೆಂಕಿಗೆ ಆಹುತಿಯಾಗಿ, ಅದೇ ಸ್ಥಳದಲ್ಲಿ ಹೊಸದೆದ್ದಾಗ ಹಳೆಯ ಹೆಸರನ್ನೇ ಉಳಿಸಿದರು. ಹಣೆಬರಹ ಒಬ್ಬನದು, ಮೈ ಇನ್ನೊಬ್ಬನದು. ಶಾಸನವೆಂದೊಡನೆ ಕೈಮುಗಿಯುವ ನಮಗೆ ಇದೊಂದು ಒಳ್ಳೆಯ ಪಾಠ.

ಒಳಗಿನದನ್ನು ತಿಳಿಯಲು ಮಾತ್ರ ಶಾಸನವೂ ಬೇಡ, ಇಟ್ಟಿಗೆಯ ಮುದ್ರೆಯೂ ಬೇಡ. ಗುಮ್ಮಟದ ಅಡ್ಡಳತೆ ಸುಮಾರು 43 ಮೀಟರು, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಗುಮ್ಮಟದ ಗೋಳವನ್ನು ಪೂರ್ಣಗೊಳಿಸಿದರೆ ಅದು ನೆಲವನ್ನು ಮುಟ್ಟುತ್ತದೆ. ಈ ಲೆಕ್ಕ ತಿಳಿಯದವನೂ ಒಳಗೆ ಕಾಲಿಟ್ಟೊಡನೆ ಒಂದು ಸಮಾಧಾನವನ್ನು ಅನುಭವಿಸುತ್ತಾನೆ. ಕಬ್ಬಿಣದ ಸರಳಿಲ್ಲದ ಗಾರೆಯ ಗುಮ್ಮಟಗಳಲ್ಲಿ ಇಂದಿಗೂ ಇದೇ ಜಗತ್ತಿನಲ್ಲಿ ಅತಿ ದೊಡ್ಡದು. ನೆತ್ತಿಯ ಬಯಲುಕಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತದೆ. ಮಳೆ ಬಂದರೆ ನೀರು ನೇರವಾಗಿ ಒಳಗೆ ಬೀಳುತ್ತದೆ, ಹರಿದುಹೋಗಲು ನೆಲದಲ್ಲಿ ತೂತುಗಳಿವೆ. 609ರಲ್ಲಿ ಇದು ಚರ್ಚಾಯಿತು, 1520ರಲ್ಲಿ ತೀರಿಕೊಂಡ ಚಿತ್ರಕಾರ ರಾಫೇಲನ ಸಮಾಧಿಯೂ ಇಲ್ಲೇ ಇದೆ. ದೇವರು ಬದಲಾದರೂ ಬಿಸಿಲಿನ ದಾರಿ ಬದಲಾಗಲಿಲ್ಲ. ಹತ್ತು ನಿಮಿಷ ನಿಂತವನಿಗೆ ಇದು ಕಾಣುವುದಿಲ್ಲ, ಒಂದು ಗಂಟೆ ನಿಂತವನಿಗೆ ಕಾಣುತ್ತದೆ.

ಅಲ್ಲಿಂದ ಎರಡು ಬೀದಿ ದಾಟಿದರೆ ಫ್ರೆಂಚರ ಚರ್ಚು, ಸಾನ್ ಲೂಯಿಜಿ. ಅದರ ಒಂದು ಮೂಲೆಯ ಪೂಜಾಗೃಹದಲ್ಲಿ ಕಾರವಾಜ್ಜೊ ಎಂಬ ಚಿತ್ರಕಾರ 1599ರಿಂದ 1602ರವರೆಗೆ ಬರೆದ ಮೂರು ಚಿತ್ರಗಳಿವೆ. ಮೂರೂ ಸಂತ ಮ್ಯಾಥ್ಯೂವಿಗೆ ಸಂಬಂಧಿಸಿದವು. ಮೂಲೆ ಕತ್ತಲು. ಪೆಟ್ಟಿಗೆಯೊಳಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಕೆಲವು ನಿಮಿಷಗಳಲ್ಲಿ ಆರುತ್ತದೆ. ದೀಪ ಆರಿದಾಗ ಮುಂದಿನ ನಾಣ್ಯವನ್ನು ಬೇರೆ ಯಾರಾದರೂ ಹಾಕಲಿ ಎಂದು ನಾವು ಹತ್ತು ದೇಶದ ಹದಿನೈದು ಜನ ಮೇಲೆ ಕೆಳಗೆ ನೋಡುತ್ತ ನಿಂತೆವು. ಈ ವಿಷಯದಲ್ಲಿ ಪೂರ್ವ ಪಶ್ಚಿಮಗಳ ಭೇದ ನನಗೆ ಕಾಣಲಿಲ್ಲ.

ಎಡಗೋಡೆಯ ಚಿತ್ರದಲ್ಲಿ ಸುಂಕದ ಕಟ್ಟೆಯವರು ಮೇಜಿನ ಸುತ್ತ ಕುಳಿತು ಹಣ ಎಣಿಸುತ್ತಿದ್ದಾರೆ. ಬಲಗಡೆಯಿಂದ ಏಸು ಬಂದು ಕೈಚಾಚಿ ಮ್ಯಾಥ್ಯೂವನ್ನು ಕರೆಯುತ್ತಾನೆ. ಆದರೆ ಮ್ಯಾಥ್ಯೂ ಯಾರು? ನಡುವೆ ಕುಳಿತ ಗಡ್ಡದವನೊಬ್ಬ ಬೆರಳು ತೋರಿಸುತ್ತಿದ್ದಾನೆ. ‘ನನ್ನನ್ನೇ?’ ಎಂದು ತನ್ನೆಡೆಗೋ, ‘ಇವನನ್ನೇ?’ ಎಂದು ಮೇಜಿನ ತುದಿಯಲ್ಲಿ ತಲೆತಗ್ಗಿಸಿ ನಾಣ್ಯ ನೋಡುತ್ತಿರುವ ತರುಣನೆಡೆಗೋ? ವಿದ್ವಾಂಸರಲ್ಲಿ ಈ ಬಗ್ಗೆ ವಾದವಿದೆ. ನಾನಿದ್ದಾಗ ಬಂದುಹೋದ ಇಬ್ಬರು ಮಾರ್ಗದರ್ಶಿಗಳಲ್ಲಿ ಒಬ್ಬರು ಗಡ್ಡದವನೆಂದರು, ಇನ್ನೊಬ್ಬರು ತರುಣನೆಂದರು. ಇಬ್ಬರ ದನಿಯಲ್ಲಿಯೂ ಸಂಶಯದ ಸೋಂಕಿರಲಿಲ್ಲ.

ಸಾಕ್ಷಿ ಹುಡುಕಬೇಕಾದರೆ ಕುತ್ತಿಗೆ ತಿರುಗಿಸಿದರೆ ಸಾಕು. ಉಳಿದ ಎರಡು ಚಿತ್ರಗಳಲ್ಲಿಯೂ ಮ್ಯಾಥ್ಯೂ ಗಡ್ಡದವನೇ. ಮೂರನ್ನೂ ಒಂದೇ ಕೋಣೆಯಲ್ಲಿ, ಒಂದೇ ಕಥೆಯೆಂದು ನೋಡುವವನಿಗೆ ಗಡ್ಡದವನೇ ಮ್ಯಾಥ್ಯೂ ಎಂಬುದು ಹೆಚ್ಚು ಒಪ್ಪುವ ಮಾತು. ಆದರೂ ಆ ಬೆರಳಿನ ದಿಕ್ಕು ಪೂರ್ತಿ ಸ್ಪಷ್ಟವಾಗುವುದಿಲ್ಲ, ಅದೇ ಚಿತ್ರದ ಸೊಗಸು. ಕರೆ ಬಂದಿದೆ, ಯಾರಿಗೆಂದು ಮೇಜಿನ ಸುತ್ತಿನವರಿಗೂ ಇನ್ನೂ ತಿಳಿದಿಲ್ಲ. ಇನ್ನೊಂದು ಮಾತು. ಚಿತ್ರದೊಳಗಿನ ಬೆಳಕು ಬರುವುದು ಬಲಗಡೆಯ ಮೇಲಿನಿಂದ. ಆ ಪೂಜಾಗೃಹದ ನಿಜವಾದ ಕಿಟಕಿ ಇರುವುದೂ ಅದೇ ಕಡೆಗೆ. ಪುಸ್ತಕದಲ್ಲಿ ಅಚ್ಚಾದ ಪ್ರತಿಯಲ್ಲಿ ಈ ಹೊಂದಿಕೆ ಸಿಗುವುದಿಲ್ಲ. ಪೀಠದ ಮೇಲಿನ ಚಿತ್ರಕ್ಕಾಗಿ ಕಾರವಾಜ್ಜೊ ಮೊದಲು ಬರೆದದ್ದನ್ನು ಒಪ್ಪದೆ ಮರಳಿಸಿದರು. ಅದು ಕೊನೆಗೆ ಬರ್ಲಿನ್ ಸೇರಿ 1945ರಲ್ಲಿ ನಾಶವಾಯಿತು. ಜಾಗ ಬಿಡದೆ ಉಳಿದವುಗಳನ್ನು ಇಂದೂ ಅದೇ ಬೆಳಕಿನ ದಿಕ್ಕಿನಲ್ಲಿ ನೋಡಬಹುದು.

ಮೂರನೆಯ ಜಾಗ ಪಿಯಾಟ್ಸಾ ನವೋನಾ ಎಂಬ ಉದ್ದನೆಯ ಚೌಕ. ಡೊಮಿಷಿಯನ್ ಚಕ್ರವರ್ತಿ 1ನೆಯ ಶತಮಾನದಲ್ಲಿ ಕಟ್ಟಿಸಿದ ಓಟದ ಅಂಗಳದ ಮೇಲೆ ಮನೆಗಳೆದ್ದುದರಿಂದ ಚೌಕಕ್ಕೆ ಈ ಆಕಾರ ಬಂದಿದೆ. ನಡುವೆ ಬರ್ನಿನಿ ರಚಿಸಿದ, 1651ರಲ್ಲಿ ಮುಗಿದ ನಾಲ್ಕು ನದಿಗಳ ಕಾರಂಜಿ. ಆಗ ತಿಳಿದಿದ್ದ ನಾಲ್ಕು ಖಂಡಗಳಿಗೆ ನಾಲ್ಕು ನದಿಗಳು: ಯೂರೋಪಿಗೆ ಡ್ಯಾನ್ಯೂಬ್, ಆಫ್ರಿಕಕ್ಕೆ ನೈಲ್, ಅಮೆರಿಕಕ್ಕೆ ಪ್ಲಾಟಾ, ಏಷ್ಯಕ್ಕೆ ನಮ್ಮ ಗಂಗೆ.

ಇಲ್ಲಿಯ ಕಥೆ ಜಗತ್ಪ್ರಸಿದ್ಧ. ಕಾರಂಜಿಯ ಎದುರಿಗೆ ಬರ್ನಿನಿಯ ಪ್ರತಿಸ್ಪರ್ಧಿ ಬೊರೊಮಿನಿಯ ಸಂತ ಆಗ್ನೆಸಳ ಚರ್ಚಿದೆ. ಅದರ ವಿಕಾರವನ್ನು ನೋಡಲಾರದೆ ನೈಲ್ ಮುಖ ಮುಚ್ಚಿಕೊಂಡಿದೆಯಂತೆ, ಅದು ತಲೆಯ ಮೇಲೆ ಬಿದ್ದೀತೆಂದು ಪ್ಲಾಟಾ ಕೈ ಎತ್ತಿದೆಯಂತೆ. ಕೇಳಿದವರು ನಗುತ್ತಾರೆ, ಬರೆದುಕೊಳ್ಳುತ್ತಾರೆ. ಆದರೆ ಆ ಚರ್ಚಿನ ಕೆಲಸ ಮೊದಲಾದದ್ದು 1652ರಲ್ಲಿ, ಬೊರೊಮಿನಿ ಅದನ್ನು ಕೈಗೆತ್ತಿಕೊಂಡದ್ದು 1653ರಲ್ಲಿ. ಇನ್ನೂ ಹುಟ್ಟದ ಗೋಡೆಗೆ ನೈಲ್ ಹೇಗೆ ಹೆದರೀತು? ನೈಲಿನ ತಲೆಗೆ ಮುಸುಕಿರುವುದು ಅದರ ಮೂಲ ಅಂದಿನವರಿಗೆ ತಿಳಿಯದಿದ್ದುದರಿಂದ. ಈ ಕಾರಣ ಕಥೆಗಿಂತ ಸುಂದರವಾದದ್ದು. ತನಗೆ ತಿಳಿಯದ್ದನ್ನು ತಿಳಿಯದೆಂದು ಶಿಲ್ಪದಲ್ಲಿಯೇ ಹೇಳಿದ ಪ್ರಾಮಾಣಿಕತೆ ಅದರಲ್ಲಿದೆ. ಕಥೆಯನ್ನು ನಂಬಿದವನು ಇದನ್ನು ಕಳೆದುಕೊಳ್ಳುತ್ತಾನೆ.

ಹಾಗೆಂದು ಆ ಕಥೆ ಪೂರ್ತಿ ಟೊಳ್ಳೆಂದೂ ನಾನು ಹೇಳಲಾರೆ. ಒಳಬಾಗಿದ ಚರ್ಚಿನ ಮುಖಕ್ಕೂ ಹೊರಚಾಚಿದ ಕಾರಂಜಿಯ ಬಂಡೆಗೂ ನಡುವೆ ನಿಂತವನಿಗೆ ಎರಡರ ಜಗಳ ಕಣ್ಣಿಗೆ ಹೊಡೆಯುತ್ತದೆ. ಜನ ಆ ಜಗಳವನ್ನು ಕಂಡರು. ಅದನ್ನು ಹೇಳಲು ಕಲೆಯ ಪರಿಭಾಷೆ ಇಲ್ಲದೆ ಕಥೆ ಕಟ್ಟಿದರು. ಜನಪದದ ವಿಮರ್ಶೆಯೆಂದರೆ ಇದೇ. ಅದನ್ನು ವಿಮರ್ಶೆಯೆಂದು ಒಪ್ಪೋಣ, ಚರಿತ್ರೆಯೆಂದು ಬರೆದುಕೊಳ್ಳುವುದು ಬೇಡ.

ಇನ್ನು ಗಂಗೆಯ ಮಾತು. ಭಾರತದಿಂದ ಹೋದವನ ಕಾಲು ಇಲ್ಲಿ ತಾನಾಗಿ ನಿಲ್ಲುತ್ತದೆ. ಈ ಗಂಗೆ ಗಡ್ಡವಿರುವ ಗಂಡಸು, ಕೈಯಲ್ಲಿ ದೋಣಿಯ ಉದ್ದನೆಯ ಹುಟ್ಟು ಹಿಡಿದಿದ್ದಾನೆ. ನಮ್ಮ ತಾಯಿಗೆ ಗಡ್ಡ ಹಚ್ಚಿದರೆಂದು ನಗುವುದು ಸುಲಭ, ಸಿಟ್ಟಾಗುವುದು ಇನ್ನೂ ಸುಲಭ. ಎರಡೂ ಅವಸರದ ಮಾತುಗಳು. ಹಳೆಯ ರೋಮನ್ ಶಿಲ್ಪದಲ್ಲಿ ಟೈಬರ್, ನೈಲ್ ಮೊದಲಾದ ನದಿಗಳು ಗಡ್ಡದ ಪುರುಷರೇ. ಲ್ಯಾಟಿನ್ ಭಾಷೆಯಲ್ಲಿ ಗಂಗೆಯ ಹೆಸರು ಪುಲ್ಲಿಂಗ. ನಮ್ಮಲ್ಲಿಯೂ ಬ್ರಹ್ಮಪುತ್ರ, ಶೋಣಗಳು ನದಿಗಳಲ್ಲ, ನದಗಳು. ಆದ್ದರಿಂದ ಗಂಡಸಾದುದು ತಪ್ಪಲ್ಲ.

ನನ್ನ ಆಕ್ಷೇಪ ಬೇರೆ. ನೈಲಿಗೆ ಮುಸುಕಿದೆ, ಆ ಮುಸುಕಿಗೆ ಅರ್ಥವಿದೆ. ಡ್ಯಾನ್ಯೂಬ್ ರೋಮಿಗೆ ಹತ್ತಿರದ್ದಾದುದರಿಂದ ಪೋಪನ ಲಾಂಛನವನ್ನು ಕೈಚಾಚಿ ಮುಟ್ಟುತ್ತಿದೆ. ಗಂಗೆಗೆ ಏನಿದೆ? ಹುಟ್ಟು ಮಾತ್ರ. ದೋಣಿ ಸಾಗುವಷ್ಟು ನೀರಿರುವ ನದಿ ಎಂದು ಹೇಳಿದಂತಾಯಿತು. ಅದನ್ನು ನೂರು ನದಿಗಳ ಬಗ್ಗೆ ಹೇಳಬಹುದು. ಬಾದಾಮಿ ಚಾಲುಕ್ಯರ ಕಾಲದ ದೇವಾಲಯಗಳ ಬಾಗಿಲವಾಡದಲ್ಲಿ ಮಕರದ ಮೇಲೆ ನಿಂತ ಗಂಗೆಯನ್ನು ನೆನೆಯಿರಿ. ಮೂರ್ತಿ ಚಿಕ್ಕದು. ಆದರೆ ಒಳಗೆ ಹೋಗುವವನು ಅವಳ ಪಕ್ಕದಿಂದಲೇ ಹೋಗಬೇಕು, ಮಿಂದು ಹೋದಂತೆ. ಅವಳಿರುವ ಜಾಗವೇ ಅವಳ ಅರ್ಥ. ರೋಮಿನ ಗಂಗೆಯನ್ನು ಕೆತ್ತಿದವನು ಬರ್ನಿನಿಯ ಕೈಕೆಳಗಿನ ಕ್ಲಾಡ್ ಪೂಸಿನ್ ಎಂಬ ಶಿಲ್ಪಿ. ಅವನ ಕೈಚಳಕದಲ್ಲಿ ಕೊರತೆಯಿಲ್ಲ, ಮೈಯ ಮಾಂಸಖಂಡಗಳು ಜೀವಂತವಾಗಿವೆ. ಕೊರತೆಯಿರುವುದು ಕಲ್ಪನೆಯಲ್ಲಿ.

ಅಂದಿನ ರೋಮಿಗೆ ಭಾರತ ಗೊತ್ತಿರಲಿಲ್ಲವೆಂದು ಸಮಾಧಾನ ಹೇಳಬಹುದು. ಅದೂ ಪೂರ್ತಿ ಸರಿಯಲ್ಲ. ಕಾರಂಜಿಯ ಕೆಲಸ ನಡೆಯುತ್ತಿದ್ದಾಗ, ಮಧುರೆಯಲ್ಲಿ ಸಂನ್ಯಾಸಿಯ ವೇಷದಲ್ಲಿದ್ದು ತಮಿಳನ್ನೂ ಸಂಸ್ಕೃತವನ್ನೂ ಕಲಿತಿದ್ದ ಇಟಲಿಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಇನ್ನೂ ಬದುಕಿದ್ದ. ತಿಳಿಯಬೇಕೆಂದವರಿಗೆ ತಿಳಿಯುವ ದಾರಿಯಿತ್ತು. ಆದರೆ ಕಾರಂಜಿ ಕಟ್ಟಿಸಿದ ಪೋಪ್ ಹತ್ತನೆಯ ಇನೊಸೆಂಟನಿಗೆ ಗಂಗೆ ಬೇಕಾಗಿರಲಿಲ್ಲ, ಜಗತ್ತಿನ ನಾಲ್ಕನೆಯ ಮೂಲೆ ಬೇಕಾಗಿತ್ತು. ನಾಲ್ಕು ಖಂಡಗಳ ಮೇಲೆ ನಿಂತ ಕಲ್ಲಿನ ಸೂಜಿಗಂಬದ ತುದಿಯಲ್ಲಿ ಕುಳಿತ ಪಾರಿವಾಳ ಅವನ ಮನೆತನದ ಲಾಂಛನ. ಅವನ ಮನೆತನದ ಅರಮನೆ ಇರುವುದೂ ಅದೇ ಚೌಕದಲ್ಲಿ. ಇಷ್ಟಾದರೂ ಒಟ್ಟು ರಚನೆ ಅದ್ಭುತವೆಂದು ಹೇಳಲೇಬೇಕು. ಅಷ್ಟು ಭಾರದ ಗ್ರಾನೈಟ್ ಕಂಬದ ಕೆಳಗೆ ಬಂಡೆಯನ್ನು ಟೊಳ್ಳುಮಾಡಿ, ಆಚೆಯ ಬೆಳಕು ಈಚೆಗೆ ಕಾಣುವಂತೆ ಬರ್ನಿನಿ ನಿಲ್ಲಿಸಿದ್ದಾನೆ. ಭಾರ ಹೊರುವ ಜಾಗದಲ್ಲಿಯೇ ಬಯಲನ್ನು ತೋರಿಸುವ ಧೈರ್ಯ ದೊಡ್ಡ ಕಲಾವಿದನದು. ಕೃತಿ ಮಹತ್ತಾದದ್ದು, ಅದರೊಳಗಿನ ಗಂಗೆ ದುರ್ಬಲ. ಎರಡನ್ನೂ ಒಟ್ಟಿಗೆ ಹೇಳಲು ನಾವು ಹಿಂಜರಿಯಬೇಕಾಗಿಲ್ಲ.

ಹಾಗೆ ಹೇಳುವ ಪರಂಪರೆ ಆ ಊರಿನಲ್ಲಿಯೇ ಇದೆ. ಚೌಕದ ಹಿಂದಿನ ಓಣಿಯಲ್ಲಿ, ಮುಖ ಸವೆದು ಕೈಕಾಲು ಮುರಿದ ಪುರಾತನ ಮೂರ್ತಿಯೊಂದು 1501ರಿಂದ ನಿಂತಿದೆ. ಹೆಸರು ಪಾಸ್ಕ್ವಿನೊ. ಪೋಪರನ್ನೂ ಪ್ರಭುಗಳನ್ನೂ ಹಂಗಿಸುವ ಪದ್ಯಗಳನ್ನು ಜನ ರಾತ್ರೋರಾತ್ರಿ ಇದಕ್ಕೆ ಅಂಟಿಸುತ್ತಿದ್ದರು. ಧಾನ್ಯಕ್ಕೆ ಅಭಾವವಿದ್ದ ದಿನಗಳಲ್ಲಿ ತೆರಿಗೆಯ ಹಣದಿಂದ ಕಾರಂಜಿ ಎದ್ದಾಗಲೂ ರೋಮಿನವರು ಅನ್ನ ಕೇಳುವ ಚೀಟಿಗಳನ್ನು ಬರೆದು ಅಂಟಿಸಿದರು. ನೂರಾರು ಜನ ಕಾರಂಜಿಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ಇಲ್ಲಿ ನಾನೂ ಒಬ್ಬ ಮುದುಕರೂ ಮಾತ್ರ ಇದ್ದೆವು. ಅವರು ಕನ್ನಡಕ ಸರಿಮಾಡಿಕೊಂಡು, ಅಂದು ಅಂಟಿಸಿದ್ದ ಹಾಳೆಯನ್ನು ಪತ್ರಿಕೆ ಓದುವಂತೆ ಓದುತ್ತಿದ್ದರು.

ನಮ್ಮ ಪ್ರವಾಸಕಥನಕ್ಕೆ ಬೇಕಾದದ್ದು ಈ ಓದುವ ಗುಣ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಹೇಳಬೇಕು, ಕಥೆಯ ಪಕ್ಕದಲ್ಲಿ ಇಸವಿಯನ್ನಿಟ್ಟು ನೋಡಬೇಕು. ಎಲ್ಲವನ್ನೂ ‘ವರ್ಣಿಸಲಸದಳ’ ಎಂದು ಕೈಬಿಡದೆ, ಇದು ಚೆನ್ನ, ಇದು ಅಷ್ಟಕ್ಕಷ್ಟೆ, ಏಕೆಂದರೆ ಹೀಗೆ ಎಂದು ಬರೆಯಬೇಕು. ಅದಕ್ಕೆ ಕಲಾಪಂಡಿತರಾಗಬೇಕಾಗಿಲ್ಲ, ಹತ್ತು ಜಾಗ ಬಿಟ್ಟು ನಾಲ್ಕರ ಮುಂದೆ ನಿಲ್ಲುವ ತಾಳ್ಮೆಯಿದ್ದರೆ ಸಾಕು. ಊರಿಗೆ ಬಂದಮೇಲೆ ಯಾರಾದರೂ ಕೊಲೊಸಿಯಮ್ ಹೇಗಿತ್ತೆಂದು ಕೇಳಿದರೆ ನೋಡಲಿಲ್ಲವೆಂದು ಹೇಳುವ ಧೈರ್ಯವೊಂದು ಜೊತೆಗೆ ಇರಬೇಕಾಗುತ್ತದೆ.