ಶೇ. 0.1 ಎಂದರೆ 'ಇಲ್ಲ' ಎಂದಲ್ಲ

ಸೀಲಿಯಾಕ್ ಕಾಯಿಲೆ ಗೋಧಿ ಉಣ್ಣುವ ಉತ್ತರದವರದು, ರಾಗಿ ಮುದ್ದೆಯ ನಾಡಿನದಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಈ ಮಾತಿಗೆ ಆಧಾರವಾಗಿ ತೋರಬಹುದಾದ ಸಮೀಕ್ಷೆಯೊಂದಿದೆ. ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 23,331 ವಯಸ್ಕರನ್ನು ಪರೀಕ್ಷಿಸಲಾಗಿತ್ತು. ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಕಂಡವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10.

ಅಧ್ಯಯನ ಅಚ್ಚುಕಟ್ಟಾದದ್ದೇ. ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ಈ ಕಾಯಿಲೆಗೆ ಬೇಕಾದ ಎಚ್‌ಎಲ್‌ಎ ಜೀನ್ ಮಾದರಿಗಳು ಮೂರೂ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಸಮವಾಗಿದ್ದವು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಗೋಧಿಯ ಸರಾಸರಿ ಸೇವನೆ ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅಂದರೆ ನಮ್ಮನ್ನು ಕಾಯುತ್ತಿರುವುದು ರಕ್ತವಲ್ಲ, ಊಟ. ಊಟವಾದರೋ ಬದಲಾಗುತ್ತಿದೆ. ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದ ಅನೇಕರ ತವರು ರಾಗಿ ಬೆಳೆಯುವ ಹಾಸನ ಜಿಲ್ಲೆಯೇ ಅಲ್ಲವೆ?

ಇನ್ನೊಂದು ಮಿತಿಯೂ ಇದೆ. ಅಲ್ಲಿ ಎಣಿಸಿದ್ದು ಆರೋಗ್ಯವಂತ ವಯಸ್ಕರನ್ನು. ಥಲಸ್ಸೀಮಿಯಾದಂಥ ಆನುವಂಶಿಕ ರಕ್ತದೋಷವಿರುವ ಮಗುವಿನ ಬಗೆಗೆ ಆ ಅಂಕಿ ಏನನ್ನೂ ಹೇಳದು. ಅಂಥ ಮಗು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿದೆ ಎಂದು ಊಹಿಸಿಕೊಳ್ಳಿ. ಅದು ಬಿಳಿಚಿಕೊಂಡಿದೆ, ಎತ್ತರ ಬೆಳೆಯುತ್ತಿಲ್ಲ. ಥಲಸ್ಸೀಮಿಯಾದಲ್ಲಿ ಹೀಮೊಗ್ಲೋಬಿನ್ ಸರಿಯಾಗಿ ತಯಾರಾಗದು. ಪದೇ ಪದೇ ರಕ್ತ ಕೊಡುವುದರಿಂದ ಶೇಖರವಾಗುವ ಕಬ್ಬಿಣ ಗ್ರಂಥಿಗಳನ್ನು ಕೆಡಿಸಿ ಬೆಳವಣಿಗೆಯನ್ನು ತಡೆಯುತ್ತದೆ. ಸೀಲಿಯಾಕ್‌ನಲ್ಲಿ ಗ್ಲುಟೆನ್ ಪ್ರೋಟೀನಿನಿಂದ ಸಣ್ಣ ಕರುಳಿನ ಒಳಪದರ ಹಾಳಾಗಿ, ಆಹಾರದ ಸತ್ವ ಹೀರಲ್ಪಡುವುದಿಲ್ಲ. ದಾರಿ ಬೇರೆ, ಲಕ್ಷಣ ಒಂದೇ. ಆದ್ದರಿಂದ ಮೊದಲ ಕಾಯಿಲೆಯ ನೆರಳಲ್ಲಿ ಎರಡನೆಯದು ಅಡಗಬಲ್ಲದು.

ಹಾಗೆಂದು ಎದುರು ತುದಿಗೂ ಓಡಬಾರದು. ಬೀಟಾ ಗ್ಲೋಬಿನ್ ಜೀನ್ 11ನೇ ವರ್ಣತಂತುವಿನಲ್ಲಿದೆ. ಎಚ್‌ಎಲ್‌ಎ ಜೀನುಗಳು 6ನೆಯದರಲ್ಲಿ. ಒಂದು ದೋಷ ಇನ್ನೊಂದನ್ನು ಜೊತೆಗೆ ಎಳೆದು ತರುವುದಿಲ್ಲ. ಇರಾನ್, ಈಜಿಪ್ಟ್‌ನಂಥ ಗೋಧಿ ನಾಡುಗಳ ಆಸ್ಪತ್ರೆಗಳಲ್ಲಿ ಸಿಕ್ಕ ಅಂಕಿಗಳನ್ನು ಹಾಸನಕ್ಕೆ ಹಾಗೆಯೇ ಅನ್ವಯಿಸುವುದೂ ಶೇ. 0.10ನ್ನು 'ಇಲ್ಲ' ಎಂದು ಓದುವಷ್ಟೇ ತಪ್ಪು.

ಸರಿಯಾಗಿ ರಕ್ತ ಕೊಟ್ಟು, ಕಬ್ಬಿಣ ತೆಗೆಯುವ ಔಷಧಿ ನಡೆದಿದ್ದರೂ ಮಗು ಬೆಳೆಯದಿದ್ದರೆ, ಟಿಟಿಜಿ ಪ್ರತಿಕಾಯದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ; ನಿಲ್ಲಿಸಿದರೆ ಪ್ರತಿಕಾಯ ಇಳಿದು ಕಾಯಿಲೆ ತಪ್ಪಿಸಿಕೊಳ್ಳುತ್ತದೆ. ಪರೀಕ್ಷಿಸದೆ ಕಬ್ಬಿಣದ ಮಾತ್ರೆಯನ್ನೂ ಕೊಡಬೇಡಿ. ಕಾಯಿಲೆ ಖಚಿತವಾದರೆ ರಾಗಿ, ಅಕ್ಕಿ, ಜೋಳ ನಿರಪಾಯ. ಆದರೆ ರವೆ ಉಪ್ಪಿಟ್ಟು, ಮೈದಾ ಬೆರೆತ 'ರಾಗಿ ಬಿಸ್ಕತ್ತು', ಗೋಧಿ ಹಿಟ್ಟು ಸೇರಿಸಿದ ಇಂಗು ಸಲ್ಲದು.

ಶಿಕ್ಷಕರೆ, ಎತ್ತರ, ತೂಕಗಳ ದಾಖಲೆ ನಿಮ್ಮ ಶಾಲೆಯಲ್ಲಿರುತ್ತದೆ. ಎರಡು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಳವಣಿಗೆ ನಿಂತ ಮಗು ಅಲ್ಲೇ ಕಾಣಸಿಗುತ್ತದೆ.